ಗಾಲಿಯ ಮನೆ, ಊರೂರಿಗೆ ಬೀಗರು

ನಮ್ಮ ಪಡಸಾಲೆಯಲ್ಲಿ ಒಂದು ಮಡಚುವ ಕುರ್ಚಿ ಇದೆ. ಹಸಿರು ಬಣ್ಣದ ಗಟ್ಟಿ ಬಟ್ಟೆ, ಸಣ್ಣ ಕೊಳವೆಯ ಕಾಲುಗಳು, ಬಲಗೈ ಇಡುವ ಕಡೆ ಜಾಳಿಗೆಯ ಒಂದು ದುಂಡನೆಯ ಚೀಲ. ಆ ಚೀಲದಲ್ಲಿ ತಂಪು ಪಾನೀಯ ಇಟ್ಟುಕೊಂಡು ಸೂರ್ಯಾಸ್ತ ನೋಡಬೇಕಂತೆ. ನಾನು ಅದರಲ್ಲಿ ಎಲೆ ಅಡಿಕೆಯ ಸಂಚಿ ಇಡುತ್ತೇನೆ. ಕುಳಿತ ಕೂಡಲೇ ಕುರ್ಚಿ ಮನುಷ್ಯನನ್ನು ಒಳಗೆ ಎಳೆದುಕೊಂಡು ಅವನ ಮೊಣಕಾಲುಗಳನ್ನು ಗದ್ದದ ಹತ್ತಿರ ತಂದು ನಿಲ್ಲಿಸುತ್ತದೆ. ಏಳಬೇಕಾದರೆ ಯಾರನ್ನಾದರೂ ಕರೆಯಬೇಕು. ನನ್ನ ಹತ್ತಿರ ಬರುವ ಕಕ್ಷಿದಾರರನ್ನು ಈಗ ನಾನು ಇದರ ಮೇಲೆಯೇ ಕೂಡಿಸುತ್ತೇನೆ. ಮೊದಲೆಲ್ಲ ಅರ್ಧ ದಿನ ಕುಳಿತು ಸ್ವಂತ ಅಣ್ಣತಮ್ಮಂದಿರನ್ನು ಬೈಯುತ್ತಿದ್ದವರು ಈಗ ಬೇಗ ಮಾತು ಮುಗಿಸುತ್ತಾರೆ. ಇಂಡಿ ತಾಲೂಕಿನ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿ ಮಾಡಿದ ನನಗೆ ಇಷ್ಟು ಉಪಯೋಗಕ್ಕೆ ಬಂದ ಗುಮಾಸ್ತ ಇನ್ನೊಬ್ಬ ಸಿಕ್ಕಿರಲಿಲ್ಲ.

ಈ ಕುರ್ಚಿ ನಮ್ಮ ಮನೆಗೆ ಬಂದ ಕತೆ ಹೇಳಬೇಕಾದರೆ ಗೊಲ್ಲಾಳ ಮಾಮಾನ ಹೆಸರು ಎತ್ತಲೇಬೇಕು. ಗೊಲ್ಲಾಳಪ್ಪ ನನ್ನ ಅಕ್ಕ ನೀಲವ್ವನ ಗಂಡ. ಇಂಡಿ ಪೇಟೆಯಲ್ಲಿ ಅವರದು ನಿಂಬೆಹಣ್ಣಿನ ಅಡತಿ ಅಂಗಡಿ. ರೈತರ ಮಾಲು ಇಳಿಸಿಕೊಳ್ಳುವುದು, ಹರಾಜಿನ ಸವಾಲು ಕೂಗಿಸುವುದು, ಲಾರಿ ತುಂಬಿಸಿ ಕಳಿಸುವುದು, ಇದರಲ್ಲೇ ತಲೆ ಬೆಳ್ಳಗಾದ ಮನುಷ್ಯ. ಖಾಲಿ ಗಾಡಿ ಹೊರಟಿದ್ದು ಕಂಡರೆ ಅವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗಾಡಿ ಯಾರದಾದರೂ ಸರಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಂಗಡಿಯ ಉಸಾಬರಿಯನ್ನು ತಮ್ಮನ ಮಗನಿಗೆ ಒಪ್ಪಿಸಿದ ಮೇಲೆ ಮಾಮಾನ ಕೈ ಖಾಲಿಯಾಯಿತು. ಖಾಲಿಯಾದ ಕೈಗೆ ಫೋನು ಬಂತು. ಫೋನಿನ ಒಂದು ವಿಡಿಯೋದಲ್ಲಿ ಒಬ್ಬ ಕೆಂಪು ಮೂತಿಯ ದೊರೆ, ಅವನ ದೊರೆಸಾನಿ, ಅವರ ಹಿಂದೆ ಗಾಲಿಗಳ ಮೇಲೆ ನಿಂತ ಒಂದು ಬಿಳಿಯ ಮನೆ, ಮುಂದೆ ಒಂದು ಕೆರೆ. ಇಬ್ಬರೂ ಮಡಚುವ ಕುರ್ಚಿಯ ಮೇಲೆ ಕುಳಿತು ಸುಮ್ಮನೆ ನೀರು ನೋಡುತ್ತಿದ್ದರು. ಮಾಮಾ ಅದನ್ನು ದಿನಾ ನೋಡುತ್ತಿದ್ದರು. ಹೋದವರಿಗೆ ಬಂದವರಿಗೆ ತೋರಿಸುತ್ತಿದ್ದರು. ಒಂದು ದಿನ ನನ್ನ ಸರದಿ ಬಂತು.

"ನೋಡೋ ಸಂಗಣ್ಣ, ಎಷ್ಟ್ ಆರಾಮ ಕುಂತಾರ ಗಂಡಾ ಹೆಂಡ್ತಿ. ಮಾತಿಲ್ಲ ಕತಿ ಇಲ್ಲ."

"ಮಾಮಾ, ಅವರಿಗೆ ಬೀಗರಿಲ್ರಿ," ಅಂದೆ. ನಮ್ಮ ಕಡೆ ನೆಂಟರೆಲ್ಲರೂ ಬೀಗರೇ.

"ಬೀಗರಿಗೂ ಇದಕ್ಕೂ ಏನೋ ಸಂಬಂಧ?"

"ಮನಿಯಿಂದ ಆ ಕೆರಿ ತನಕಾ ಹಾದ್ಯಾಗ ಅವರಿಗೆ ಒಬ್ರೂ ಬೀಗರಿಲ್ಲ. ಇದ್ದಿದ್ರ ಅವರು ಕೆರಿ ಮುಟ್ಟತಿದ್ದಿಲ್ಲ."

ನಾನು ಗೆದ್ದ ಕೇಸುಗಳು ಕಡಿಮೆ. ಆದರೆ ಅಂದು ಬಾಯಿಗೆ ಬಂದ ಈ ಒಂದು ಮಾತು ಮುಂದೆ ಸಾಕ್ಷಿ ಪುರಾವೆ ಸಮೇತ ಸಾಬೀತಾಯಿತು.

ಮಾಮಾ ಪುಣೆಯ ಕಡೆಯಿಂದ ಗಾಡಿ ತರಿಸಿಯೇಬಿಟ್ಟರು. ಅದಕ್ಕೆ ಇಂಜಿನ್ ಇಲ್ಲ. ತಮ್ಮ ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಬಿಳಿಯ ಮೈ, ಎರಡು ಕಿಟಕಿ, ಒಂದು ಬಾಗಿಲು, ಜೊತೆಗೆ ಎರಡು ಮಡಚುವ ಕುರ್ಚಿ. ಒಳಗೆ ಇಬ್ಬರು ಮಲಗುವ ಹಾಸಿಗೆ, ಅಂಗೈ ಅಗಲದ ಕಟ್ಟೆಯ ಮೇಲೆ ಒಂದು ಒಲೆ, ಹಾಲಿನ ಪಾತ್ರೆ ಹಿಡಿಸದ ಒಂದು ಸಿಂಕು, ಹಿಂದಿನ ಮೂಲೆಯಲ್ಲಿ ಪಾಯಖಾನೆ. ಪಾಯಖಾನೆಯ ಗೋಡೆಗೆ ಒತ್ತಿಕೊಂಡೇ ಒಲೆ. ನಮ್ಮ ಅವ್ವ ಇದ್ದಿದ್ದರೆ ಆ ಒಂದೇ ಕಾರಣಕ್ಕೆ ಗಾಡಿಯನ್ನು ಬಂದ ದಾರಿಗೆ ತಿರುಗಿಸುತ್ತಿದ್ದಳು. ಮಾಮಾನಿಗೆ ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ ಬಾಗಿಲಿನ ಚಿಲಕದ ಮೇಲೆ. ಅದನ್ನು ಒಳಗಿನಿಂದ ತಿರುವಿ, ಹೊರಗೆ ನಿಂತ ನನಗೆ ಬಾಗಿಲು ಎಳೆಯಲು ಹೇಳಿದರು. ಎಳೆದೆ. ಬರಲಿಲ್ಲ.

"ಎಂಥಾ ಕಳ್ಳ ಬಂದ್ರೂ ಹೊರಗಿಂದ ತಗಿಯಾಕ ಆಗಂಗಿಲ್ಲ. ಕೀಲಿ ಇದ್ರೂ ಆಗಂಗಿಲ್ಲ. ಒಳಗಿದ್ದಾಂವ ತಗದ್ರಷ್ಟ," ಎಂದು ಒಳಗಿನಿಂದಲೇ ಕೂಗಿದರು.

ಮೈಮೇಲೆ ಬಂಗಾರ ಹಾಕಿಕೊಂಡು ಕಾಡಿಗೆ ಹೋಗುವವರ ಹಾಗೆ ಮಾತಾಡುತ್ತಿದ್ದರು. ಹೊರಟಿದ್ದು ಮುದ್ದೇಬಿಹಾಳದ ಆಚೆ ಕೃಷ್ಣೆಯ ದಂಡೆಗೆ.

ಇವರಿಗೆ ಇದು ಕ್ಯಾಂಪಿಂಗ್. ನಮ್ಮ ಹಿರಿಯರು ಇದನ್ನೇ ವಸ್ತಿ ಎನ್ನುತ್ತಿದ್ದರು. ಸುಗ್ಗಿ ಬಂತೆಂದರೆ ಅಪ್ಪ ತಿಂಗಳುಗಟ್ಟಲೆ ಹೊಲದಲ್ಲೇ ವಸ್ತಿ. ಬಂಡಿಯ ಕೆಳಗೆ ಜೋಳದ ಕಣಿಕೆ ಹಾಸಿ, ಮೇಲೆ ಕಂಬಳಿ ಹೊದ್ದು, ತಲೆಗೆ ರುಮಾಲಿನ ದಿಂಬು. ಸರಕಾರಿ ಬಸ್ಸು ಕೂಡ ನಮ್ಮ ಹಳ್ಳಿಗೆ ಬಂದು ವಸ್ತಿ ಮಾಡುತ್ತಿತ್ತು. ಕಂಡಕ್ಟರು ಸೀಟಿನ ಮೇಲೆ ಕಾಲು ಮಡಚಿ ಮಲಗಿ, ಬೆಳಿಗ್ಗೆ ಗೌಡರ ಬಾವಿಯಲ್ಲಿ ಹಲ್ಲುಜ್ಜುತ್ತಿದ್ದ. ಇವರಲ್ಲಿ ಯಾರೂ ಫೋಟೋ ತೆಗೆಸಿಕೊಂಡಿದ್ದನ್ನು ನಾನು ಕಾಣೆ. ನಿಸರ್ಗದ ಮಡಿಲಲ್ಲಿ ಮಲಗಿದ್ದೇವೆ ಎಂದು ಅಪ್ಪನಿಗೆ ಯಾರಾದರೂ ಹೇಳಿದ್ದರೆ, ಮೊದಲು ಈ ಚೇಳುಗಳಿಗೆ ಹೇಳಿ ಬಾ ಎನ್ನುತ್ತಿದ್ದ. ಬಯಲಿನಲ್ಲಿ ಮಲಗುವುದು ನಮ್ಮಲ್ಲಿ ಕೆಲಸವಾಗಿತ್ತು. ಕೆಲಸ ಬಿಟ್ಟವರಿಗೆ ಈಗ ಅದು ಶೋಕಿಯಾಗಿದೆ.

ಹೊಲದಲ್ಲಿ ಒಬ್ಬರಿಗೆ ಮಾತ್ರ ಅದು ಕೆಲಸವಾಗಿರಲಿಲ್ಲ. ನಮ್ಮ ಹೊಲ ಸಿಂದಗಿ ತಾಲೂಕಿನ ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿತ್ತು. ಬಿಳಿಜೋಳ ತೆನೆ ಕಟ್ಟಿತೆಂದರೆ ಹಕ್ಕಿ ಕಾಯಬೇಕು. ಅದಕ್ಕೆ ಅಪ್ಪ ಹೊಲದ ನಡುವೆ ಬೇವಿನ ಕಂಬ ನೆಟ್ಟು ಅಟ್ಟ ಕಟ್ಟುತ್ತಿದ್ದ. ಹಕ್ಕಿ ಕಾಯುವವಳು ನೀಲಕ್ಕ. ಕೈಯಲ್ಲಿ ಕವಣಿ, ಉಡಿಯಲ್ಲಿ ಹರಳು. ಅವಳು ಕವಣಿ ಬೀಸಿದರೆ ಗಾಳಿ ಸೀಳಿದ ಸದ್ದು ಪಕ್ಕದ ಹೊಲದವರಿಗೆ ಕೇಳುತ್ತಿತ್ತು. ಒಮ್ಮೆ ಹತ್ತಿದಳೆಂದರೆ ಇಳಿಯುವ ಮಾತಿಲ್ಲ. ಅವ್ವ ಬದುವಿನ ಮೇಲೆ ನಿಂತು, "ನೀಲವ್ವಾ, ತಮ್ಮನ್ನ ಹಿಡಿ ಬಾರ," ಎಂದು ಕೂಗುತ್ತಿದ್ದಳು. ಅಕ್ಕ ಅಟ್ಟದ ಮೇಲೆ ಅಂಗಾತ ಬಿದ್ದುಕೊಂಡು, "ನಾ ಇಲ್ಲಿಲ್ಲಾ" ಎಂದು ತಿರುಗಿ ಕೂಗುತ್ತಿದ್ದಳು. ಹಿಡಿಯಬೇಕಾದ ತಮ್ಮ ನಾನೇ ಆದ್ದರಿಂದ ಇದು ನನಗೆ ಚೆನ್ನಾಗಿ ನೆನಪಿದೆ.

ಆ ಅಟ್ಟದಿಂದ ಇಳಿದವಳು ಮಾಮಾನ ಮನೆಯ ಅಡುಗೆಮನೆ ಹೊಕ್ಕಳು. ಅಡತಿಯವರ ಮನೆ ಎಂದರೆ ಗೊತ್ತಲ್ಲ. ಮಾಲು ತಂದ ರೈತರು, ಲಾರಿಯ ಡ್ರೈವರುಗಳು, ಹೊತ್ತು ಮೀರಿ ಬಸ್ಸು ತಪ್ಪಿಸಿಕೊಂಡ ನೆಂಟರು, ಎಲ್ಲರಿಗೂ ಊಟ ಅಲ್ಲೇ. ಕೋಳಿ ಕೂಗುವ ಮೊದಲು ಚಹಾ, ಆಮೇಲೆ ರೊಟ್ಟಿ, ಮತ್ತೆ ಚಹಾ. ಅವಳ ಮನೆಗೆ ಹೋದಾಗಲೆಲ್ಲ ನನಗೆ ಮೊದಲು ಕೇಳಿಸುತ್ತಿದ್ದುದು ರೊಟ್ಟಿ ಬಡಿಯುವ ಸದ್ದು. ಅವಳ ಮುಖ ಕಾಣುತ್ತಿದ್ದುದು ಅದಾದ ಮೇಲೆ.

ಗಾಡಿ ಬಂದ ದಿನ ನಾನು ಅವಳೆದುರು ಅದನ್ನು ಮನಸ್ಸಿಗೆ ಬಂದಂತೆ ಹಂಗಿಸಿದೆ. ಅಕ್ಕ ನಗಲಿಲ್ಲ. ಒಳಗೆ ಹತ್ತಿ ಹೋಗಿ, ಹಾಸಿಗೆಯ ತುದಿಯಲ್ಲಿ ಕುಳಿತು, ಕಿಟಕಿಯ ಗಾಜನ್ನು ಸರಿಸಿ ಮುಚ್ಚಿ ನೋಡಿದಳು.

"ಸಂಗೂ, ನೀ ಏನರ ಅನ್ನು. ನನಗ ಇದರಾಗ ಒಂದ್ ದಿನ ಬೇಕು. ನಾ ಯಾರ ಮನಿಗೂ ಹೋಗಿರಬಾರದು, ನನ್ನ ಮನಿಗೂ ಯಾರೂ ಬಂದಿರಬಾರದು. ಮುಂಜಾನೆ ಎದ್ರ ಯಾರೂ ಚಾ ಕೇಳಬಾರದು. ಎದ್ದು ಸುಮ್ಮ ಕುಂತು ಹೊರಗ ನೋಡಬೇಕು. ಅಷ್ಟ."

"ಅದಕ್ಕ ಇಷ್ಟ್ ದೊಡ್ಡ ಗಾಡಿ ಬೇಕಾಗಿತ್ತೇನಕ್ಕಾ?"

"ಮತ್ತ ಎಲ್ಲಿ ಸಿಗತೈತಿ ಹೇಳು."

ಅವಳಿಗಾಗಿ ಎಂದೇ ನಾನು ಆ ಪ್ರವಾಸಕ್ಕೆ ಒಪ್ಪಿದೆ. ಜೀಪಿನ ಹಿಂದೆ ಬಾಲ ಕಟ್ಟಿಕೊಂಡು ಓಡಿಸಲು ಮಾಮಾನಿಗೆ ಪಕ್ಕದಲ್ಲಿ ಒಬ್ಬ ದಾರಿ ನೋಡುವವನು ಬೇಕಾಗಿತ್ತು. ನನ್ನ ಹೆಂಡತಿ ಬುದ್ಧಿವಂತೆ. ಮೊಣಕಾಲು ನೋವು ಎಂದು ಮನೆಯಲ್ಲೇ ಉಳಿದಳು.

ಹೊರಡುವ ದಿನ ಗಾಡಿಗೆ ಪೂಜೆ. ಪ್ರತಿ ಗಾಲಿಗೂ ಒಂದು ನಿಂಬೆಹಣ್ಣು ಇಡುವುದು ಎಲ್ಲರ ಪದ್ಧತಿ. ನಿಂಬೆಹಣ್ಣಿನ ಅಡತಿಯವರು ಎಲ್ಲರಂತೆ ಒಂದೊಂದು ಇಟ್ಟರೆ ಮರ್ಯಾದೆ ಏನು ಉಳಿಯಿತು? ಮಾಮಾ ಗುಡ್ಡೆ ಹಾಕಿಸಿದರು. ಜೀಪು ಮುಂದೆ ಹೋದಾಗ ರಸ್ತೆಯ ತುಂಬ ರಸ ಹರಿಯಿತು. ಅದು ಸಾಲದೆಂದು ಗಾಡಿಯ ಹಿಂದೆ ಟ್ರ್ಯಾಕ್ಟರ್ ಟ್ರಾಲಿಗೆ ಬರೆಸುವ ಹಾಗೆ ಕೆಂಪು ಹಳದಿ ಅಕ್ಷರದಲ್ಲಿ ಮೇಲೆ ದೇವರ ಹೆಸರು, ಕೆಳಗೆ ತಮ್ಮ ಹೆಸರು, ಅಡ್ಡಹೆಸರು, ಇಂಡಿ ಎಂದು ಊರಿನ ಹೆಸರು ಬರೆಸಿದ್ದರು.

"ಮಾಮಾ, ಆ ದೊರಿ ಗಾಡಿ ಮ್ಯಾಲ ಹೆಸರಿದ್ದಿಲ್ರಿ," ಅಂದೆ.

"ಹೆಸರಿಲ್ಲದ ಗಾಡಿ ಕಂಡ್ರ ಮಂದಿ ಕಳವಿನ ಮಾಲು ಅಂತಾರ," ಎಂದರು.

ಕೊನೆಗೆ ಅಕ್ಕ ತನ್ನ ಹೊದೆಯುವ ದುಪ್ಪಡಿ ಇಡಲು ಬಾಗಿಲು ತೆಗೆದರೆ, ಹಾಸಿಗೆಯ ಮೇಲೆ ನಿಂಬೆಹಣ್ಣಿನ ಚೀಲಗಳು ಮಲಗಿದ್ದವು. ಪೇಟೆಯಲ್ಲಿ ಲಾರಿಗೆ ಹೇರುವಂಥ ಚೀಲಗಳು. ಒಂದರ ಮೇಲೊಂದು ನೀಟಾಗಿ ಅಟ್ಟಿ ಹಾಕಿದ್ದರು.

"ಇವೇನ್ರೀ?" ಎಂದಳು.

"ಗಾಡಿ ಖಾಲಿ ಒಯ್ಯೂದು ಹ್ಯಾಂಗ? ಹಾದ್ಯಾಗ ಯಾರರ ಸಿಕ್ರ ಕೊಡಾಕ ಇರಲಿ. ಮುಟ್ಟೂದ್ರಾಗ ಖಾಲಿ ಆಗತಾವ."

ನೋಡಿ, ಬುದ್ಧಿ ಅಂದರೆ ಇದು. ಯಾರಿಗೂ ಸಿಗಬಾರದೆಂದು ಹೊರಟವರು ಸಿಕ್ಕವರಿಗೆ ಕೊಡಲು ಚೀಲ ತುಂಬಿಸಿಕೊಂಡಿದ್ದರು.

ಸಿಂದಗಿ ಮುಟ್ಟುವವರೆಗೆ ಏನೂ ಆಗಲಿಲ್ಲ. ಊರೊಳಗೆ ಬಂದ ಕೂಡಲೇ ಒಂದು ಮೋಟರ್ ಸೈಕಲ್ಲು ನಮ್ಮ ಹಿಂದಿನ ಹೆಸರನ್ನು ಓದಿಕೊಂಡು, ಹಾರ್ನು ಹೊಡೆಯುತ್ತ ಮುಂದೆ ಬಂದು ಅಡ್ಡ ನಿಂತಿತು. ಮಾಮಾನ ದೂರದ ಸೋದರಳಿಯ. ಇಳಿದವನೇ ಕೈ ಮುಗಿದ.

"ಏನ್ರಿ ಮಾಮಾ, ಊರ ದಾಟಿ ಹೊಂಟೀರಿ? ನಾವ್ ಇದ್ದೇವೋ ಸತ್ತೇವೋ ನೋಡಬಾರದೇನ್ರಿ?"

ನಮ್ಮ ಕಡೆ ನೆಂಟರ ಊರಿನಲ್ಲಿ ಇಳಿಯದೆ ಮುಂದೆ ಹೋದರೆ ಅದು ಮೂರು ತಲೆಮಾರಿಗೆ ಮಾತಾಗುತ್ತದೆ. ಹೋದೆವು. ಊಟವಾಯಿತು. ಅಕ್ಕನನ್ನು "ಕುಂದರ್ರಿ ಅಕ್ಕಾರ, ಕುಂದರ್ರಿ" ಎಂದು ಮನೆಯ ಹೆಣ್ಣುಮಕ್ಕಳು ಒತ್ತಾಯ ಮಾಡಿದರು. ಆ ಮಾತನ್ನು ನಂಬಿ ನಿಜವಾಗಿ ಕುಳಿತುಬಿಟ್ಟರೆ ಏನಾಗುತ್ತದೆ ಎನ್ನುವುದು ಅಕ್ಕನಿಗೆ ಗೊತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಕೈ ಅವಳದೇ, ಆ ತಾಳ ನನಗೆ ಪರಿಚಯ.

ಸಂಜೆಯಾಯಿತು. ಮಾಮಾ ಮೆಲ್ಲಗೆ, "ನಾವು ಗಾಡ್ಯಾಗ ಮಲಗ್ತೇವಪಾ," ಎಂದರು.

ಅಳಿಯನ ಮುಖ ಸಣ್ಣದಾಯಿತು. "ಯಾಕ್ರಿ, ನಮ್ಮ ಹಾಸಿಗ್ಯಾಗ ತಿಗಣಿ ಅದಾವೇನ್ರಿ?"

ಮಲಗಿದ್ದು ಅವರ ಪಡಸಾಲೆಯಲ್ಲೇ. ಬೆಳಿಗ್ಗೆ ಅಕ್ಕನಿಗೆ ಉಡಿ ತುಂಬಿದರು. ಸೆರಗಿನ ತುಂಬ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಖಣ. ಜೊತೆಗೆ ಬಸವನ ಬಾಗೇವಾಡಿಯ ತಂಗಿಗೆ ಮುಟ್ಟಿಸಲು ಜೋಳದ ಒಂದು ಚೀಲ. "ಗಾಡಿ ಹೊಂಟೇ ಐತೆಲ್ಲರಿ" ಎಂದು ಅವನೇ ಬಾಗಿಲು ತೆಗೆದು ಹೇರಿದ. ಮಾಮಾನ ಮುಖದಲ್ಲಿ ಸಮಾಧಾನ ಕಂಡಿತು. ಚೀಲ ಬಿದ್ದ ಗಾಡಿಗೆ ಒಂದು ಅರ್ಥ ಬಂದಿತ್ತು.

"ನದಿ ಎಷ್ಟ್ ದೂರ ಉಳೀತ್ರಿ?" ಎಂದು ಅಕ್ಕ ಕೇಳಿದಳು.

"ಇವತ್ತ ಮುಟ್ಟಿಬಿಡೂಣು," ಎಂದರು ಮಾಮಾ. ಅಷ್ಟರಲ್ಲಿ ಮೋರಟಗಿಯಿಂದ ಫೋನು. ಸಿಂದಗಿಯ ಅಳಿಯ ಸುಮ್ಮನಿದ್ದಾನೆಯೇ? ಸಿಂದಗಿ ತನಕ ಬಂದವರು ಮೋರಟಗಿಗೆ ಯಾಕೆ ಬರುವುದಿಲ್ಲ ಎಂದು ಅಲ್ಲಿಯ ಚಿಕ್ಕಪ್ಪ ಕೇಳುತ್ತಿದ್ದರು. ನದಿ ಒಂದು ದಿಕ್ಕಿಗೆ, ಮೋರಟಗಿ ಇನ್ನೊಂದು ದಿಕ್ಕಿಗೆ. ನಮ್ಮ ಗಾಡಿ ಕೃಷ್ಣೆಗೆ ಬೆನ್ನು ಮಾಡಿ ಹೊರಟಿತು. ಅಲ್ಲಿಯೂ ಊಟ, ರೊಟ್ಟಿ ಬಡಿಯುವ ಸದ್ದು, ಪಡಸಾಲೆಯ ಹಾಸಿಗೆ, ಉಡಿ. ಬರುವಾಗ ಮುದ್ದೇಬಿಹಾಳದಲ್ಲಿರುವ ಅವರ ಯಾರೋ ಮೊಮ್ಮಗಳಿಗೆ ಮುಟ್ಟಿಸಲು ಹೊಸ ಹತ್ತಿಯ ಗಾದಿ. ಅದು ಒಳಗೆ ಸೇರಿದ ಮೇಲೆ ಅಕ್ಕನಿಗೆ ಒಳಗೆ ನಿಲ್ಲಲೂ ಜಾಗ ಉಳಿಯಲಿಲ್ಲ.

ದೇವರ ಹಿಪ್ಪರಗಿಯಲ್ಲಿ ಅಂದು ಸಂತೆ. ಜನರ ನಡುವೆ ಗಾಡಿ ಮುಂದೆ ಸರಿಯದೆ ನಿಂತಿತು. ನಿಂತ ಬಿಳಿ ಗಾಡಿಯನ್ನು ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ? ಒಬ್ಬ ಬಂದು, ಯಾವ ಪಕ್ಷದ ಪ್ರಚಾರ ಎಂದು ಕೇಳಿದ. ಇನ್ನೊಬ್ಬ, ಐಸ್‌ಕ್ರೀಮು ಯಾವಾಗ ಕೊಡುತ್ತೀರಿ ಎಂದ. ಕೋಲೂರಿಕೊಂಡು ಬಂದ ಒಬ್ಬ ಅಜ್ಜಿ ಮಾತ್ರ ಬಾಗಿಲ ಮುಂದೆ ನಿಂತುಬಿಟ್ಟಳು.

"ಕಣ್ಣ ನೋಡೂದು ಚಾಲೂ ಆತೇನ್ರಿ?"

"ಇದು ದವಾಖಾನಿ ಅಲ್ಲಬೇ," ಎಂದರು ಮಾಮಾ.

"ಮತ್ತ ಏನೈತಿ ಒಳಗ?"

"ಹಾಸಿಗಿ, ಒಲಿ."

ಅಜ್ಜಿ ಮಾಮಾನ ಬಂಗಾರದ ಉಂಗುರ ನೋಡಿದಳು, ಜೀಪು ನೋಡಿದಳು. "ಅಯ್ಯ ಶಿವನ, ಮನಿ ಇಲ್ಲೇನೋ ಪಾಪ," ಎಂದು ಮರುಗಿ ಮುಂದೆ ಹೋದಳು. ನಾನು ನಕ್ಕು ನಕ್ಕು ಕೆಮ್ಮಿದೆ. ಮಾಮಾ ಬಾಗೇವಾಡಿ ತನಕ ನನ್ನೊಡನೆ ಮಾತಾಡಲಿಲ್ಲ. ಅಂದ ಹಾಗೆ ಆ ಸಂತೆಯಲ್ಲಿ ಸಿಕ್ಕ ಪರಿಚಯದವರೊಬ್ಬರು ಉಳ್ಳಾಗಡ್ಡಿಯ ಒಂದು ಚೀಲ ಹೇರಿದ್ದನ್ನು ಹೇಳಲು ಮರೆತೆ.

ಬಸವನ ಬಾಗೇವಾಡಿಯಲ್ಲಿ ಜೋಳದ ಚೀಲ ಇಳಿಸಿ ನೀರು ಕುಡಿದು ಹೊರಡುವುದೆಂದು ಅಕ್ಕನಿಗೆ ಮಾಮಾ ಮಾತು ಕೊಟ್ಟಿದ್ದರು. ಆದರೆ ಆ ಮನೆಯಲ್ಲಿ ಮರುದಿನ ಕೂಸಿನ ತೊಟ್ಟಿಲ ಕಾರ್ಯ. ಮನೆ ತುಂಬ ಮಂದಿ. ಬಂದವರು ಕೂಸಿಗೆ ಹೆಸರಿಡುವ ಮುನ್ನ ಹೋಗುವುದುಂಟೆ? ಉಳಿದೆವು. ಮನೆಯವರು ಬಹಳ ಮರ್ಯಾದಸ್ಥರು. ಅಷ್ಟು ಗದ್ದಲದಲ್ಲೂ ಹಿರಿಯರೆಂದು ನಮಗೆ ಒಳಗಿನ ಕೋಣೆ ಬಿಟ್ಟುಕೊಟ್ಟರು. ಜಾಗ ಸಾಲದೆ ಉಳಿದ ನೆಂಟರನ್ನು ಎಲ್ಲಿ ಮಲಗಿಸುವುದು? ಅಂಗಳದಲ್ಲಿ ಗಾಡಿ ನಿಂತಿತ್ತಲ್ಲ.

ಬೆಳಿಗ್ಗೆ ಅಕ್ಕ ತನ್ನ ಹಣಿಗೆ ತರಲೆಂದು ಗಾಡಿಯ ಹತ್ತಿರ ಹೋದಳು. ನಾನು ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದೆ. ಬಾಗಿಲು ಒಳಗಿನಿಂದ ಹಾಕಿತ್ತು. ಅವಳು ಕಿಟಕಿಯಿಂದ ಇಣುಕಿದಳು. ನಾನೂ ಹೋಗಿ ಇಣುಕಿದೆ. ಮೋರಟಗಿಯ ಹೊಸ ಗಾದಿಯನ್ನು ಹಾಸಿಗೆಯ ಮೇಲೆ ಹಾಸಿಕೊಂಡು, ಅಕ್ಕನ ದುಪ್ಪಡಿ ಹೊದ್ದು, ನಿಂಬೆಹಣ್ಣಿನ ಚೀಲಕ್ಕೆ ಕಾಲು ಕೊಟ್ಟು, ಯಾವುದೋ ಊರಿನ ಒಬ್ಬ ಮುದುಕ ಬಾಯಿ ತೆರೆದು ಮಲಗಿದ್ದ. ಅಂಥ ನಿದ್ದೆಯನ್ನು ನಾನು ಕೋರ್ಟಿನಲ್ಲೂ ನೋಡಿಲ್ಲ. ಅಕ್ಕ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿ ಬಂದದ್ದನ್ನು ನಾನು ಕಂಡೆ. ಅಲ್ಲಿಯವರೆಗೆ ನಗುತ್ತಿದ್ದ ನಾನು ಬಾಯಲ್ಲಿದ್ದ ಬೇವಿನ ಕಡ್ಡಿ ಬಿಸಾಕಿದೆ.

"ಎಬ್ಬಸ್ಲೇನಕ್ಕಾ?"

"ಬ್ಯಾಡ ಬಿಡು. ಅಂವಗರ ಆರಾಮ ಸಿಕ್ಕೈತಿ," ಎಂದು ಅವಳು ಅಡುಗೆಮನೆಗೆ ಹೋದಳು. ನದಿ ಎಷ್ಟು ದೂರ ಎಂದು ಆಮೇಲೆ ಕೇಳಲೇ ಇಲ್ಲ.

ಮುದ್ದೇಬಿಹಾಳ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಲ್ಲಿರುವುದು ಅಕ್ಕನ ಮಗಳನ್ನು ಕೊಟ್ಟ ಮನೆ. ಮಗಳು ಅಳಿಯ ಹುಬ್ಬಳ್ಳಿಯಲ್ಲಿರುತ್ತಾರೆ. ಊರಲ್ಲಿ ಬೀಗರು, ಬೀಗತಿ. ಉಳಿದವರನ್ನೆಲ್ಲ ಒಂದು ಮಾತಿನಲ್ಲಿ ಸಾಗಹಾಕಬಹುದಿತ್ತೇನೋ. ಹೆಣ್ಣು ಕೊಟ್ಟ ಮನೆಯನ್ನು ಹಾಗೆ ಮಾಡಲಾಗುವುದಿಲ್ಲ. ಬೀಗತಿ ಗೌರಾಬಾಯಿಯವರದು ದೊಡ್ಡ ಹೆಸರು. ಆ ಮನೆಯ ಒಲೆ ಆರಿದ್ದನ್ನು ಕಂಡವರಿಲ್ಲ. ಉಣ್ಣದೆ ಹೊಸ್ತಿಲು ದಾಟಿದವರಿಲ್ಲ. ಸಂಬಂಧ ಬೆಳೆದು ಇಷ್ಟು ವರ್ಷವಾದರೂ ಅಕ್ಕ ಮತ್ತು ಅವರು "ಆರಾಮ ಅದೀರೇನ್ರಿ" ಎನ್ನುವುದರ ಆಚೆಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಬ್ಬರೂ ಒಬ್ಬರ ಮುಂದೊಬ್ಬರು ಸೆರಗು ಸರಿಮಾಡಿಕೊಳ್ಳುತ್ತಲೇ ಇರುತ್ತಿದ್ದರು.

"ಇವತ್ತ ಇಲ್ಲೆ ವಸ್ತಿ ಮಾಡಿ ನಾಳೆ ತಿರಗೂಣು. ಪೇಟ್ಯಾಗ ಕೆಲಸ ಐತಿ," ಎಂದು ಮಾಮಾ ಊಟದ ಹೊತ್ತಿಗೆ ಪ್ರಕಟಿಸಿದರು. ನದಿಯ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಬೆಳಿಗ್ಗೆ ನಾವು ಮೂವರು ಗಂಡಸರು, ಬೀಗರು, ಮಾಮಾ, ನಾನು, ಅಂಗಳದ ಕಟ್ಟೆಯ ಮೇಲೆ ಕೂಡಲು ಹೊರಗೆ ಬಂದರೆ ಕಟ್ಟೆಯ ತುಂಬ ಸಾಮಾನು. ನಿಂಬೆಹಣ್ಣಿನ ಚೀಲಗಳು, ಉಳ್ಳಾಗಡ್ಡಿಯ ಚೀಲ, ಸುತ್ತಿಟ್ಟ ಗಾದಿ, ಉಡಿಯಲ್ಲಿ ಬಂದ ಅಕ್ಕಿಯ ಗಂಟುಗಳು, ಮಡಚಿದ ಎರಡು ಕುರ್ಚಿಗಳು. ನೆಲದ ಮೇಲೆ ಚೀಲ ಎಳೆದ ಗುರುತು. ಗಾಡಿಯ ಬಾಗಿಲು ಮುಚ್ಚಿತ್ತು. ಮಾಮಾ ಹೋಗಿ ಎಳೆದರು. ಬರಲಿಲ್ಲ. ಕೀಲಿ ಹಾಕಿ ತಿರುವಿದರು. ಕಳ್ಳರಿಗೆಂದು ಮಾಡಿಸಿದ ಚಿಲಕ ಯಜಮಾನನಿಗೂ ಅಷ್ಟೇ ಮರ್ಯಾದೆ ಕೊಟ್ಟಿತು.

"ಏ ಕೇಳಿಸ್ತೇನ? ಬಾಗಲಾ ತಗಿ."

ಕಿಟಕಿಯ ಗಾಜು ಒಂದು ಗೇಣು ಸರಿಯಿತು.

"ನಾ ಇಲ್ಲಿಲ್ಲ," ಎಂದಳು ಅಕ್ಕ. "ಕ್ಯಾಂಪಿಂಗಿಗೆ ಹೋಗೇನಿ. ಬಂದ ಮ್ಯಾಲ ಮಾತಾಡ್ತೇನಿ." ಗಾಜು ಮುಚ್ಚಿತು.

ನನಗೆ ಮೈ ಜುಮ್ಮೆಂದಿತು. ಅದೇ ದನಿ, ಅದೇ ಅಟ್ಟ. ಆದರೆ ಮಾಮಾನ ಮುಖದಿಂದ ರಕ್ತ ಇಳಿದು ಹೋಗಿತ್ತು. ಕಾರಣವಿತ್ತು. ಅಡುಗೆಮನೆಯ ಬಾಗಿಲಲ್ಲಿ ಗೌರಾಬಾಯಿಯವರು ಚಹಾದ ತಾಟು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೀಗರ ಮನೆಯ ಹಾಸಿಗೆ ಬಿಟ್ಟು, ಅವರದೇ ಅಂಗಳದಲ್ಲಿ ಬಾಗಿಲು ಹಾಕಿಕೊಂಡು ಮಲಗುವುದೆಂದರೆ ಇದಕ್ಕಿಂತ ದೊಡ್ಡ ಅಪಮಾನ ನಮ್ಮ ನಾಲ್ಕು ತಾಲೂಕುಗಳಲ್ಲಿ ಇನ್ನೊಂದಿಲ್ಲ. ನಾಳೆ ಇದು ಹುಬ್ಬಳ್ಳಿಯ ಮಗಳ ತಲೆಯ ಮೇಲೆ ಬರುತ್ತದೆ. ಮಾಮಾ ಕೈ ಮುಗಿದೇಬಿಟ್ಟರು.

"ತಪ್ಪ ತಿಳಕೋಬ್ಯಾಡ್ರಿ ಬೀಗತಿಯವರ. ಅಕಿಗೆ ಆ ಹಾದಿ ಆಯಾಸ..."

ಗೌರಾಬಾಯಿಯವರು ಅವರ ಕಡೆ ನೋಡಲೂ ಇಲ್ಲ. ಅಂಗಳ ದಾಟಿ ಗಾಡಿಯ ಹತ್ತಿರ ಬಂದರು. ಕಟ್ಟೆಯ ಮೇಲಿನ ಚೀಲಗಳನ್ನು ಒಮ್ಮೆ ನೋಡಿದರು. ಆಮೇಲೆ ತಾಟಿನಿಂದ ಎರಡು ಕಪ್ಪು ಎತ್ತಿಕೊಂಡು, ತಾಟನ್ನು ತಮ್ಮ ಗಂಡನ ಕೈಯಲ್ಲಿ ಇಟ್ಟರು. ಮೊಣಕೈಯಿಂದ ಬಾಗಿಲನ್ನು ಮೆಲ್ಲಗೆ ಗುದ್ದಿದರು.

"ಬೀಗತಿಯವರ, ಒಳಗ ಇನ್ನೊಬ್ಬರಿಗೆ ಜಾಗ ಆಗತೈತೇನ್ರಿ?"

ಚಿಲಕ ತಿರುಗಿತು. ಬಾಗಿಲು ಒಬ್ಬರು ಹಿಡಿಸುವಷ್ಟೇ ತೆರೆಯಿತು. ಗೌರಾಬಾಯಿಯವರು ಒಳಗೆ ಹೋದರು. ಚಿಲಕ ಮತ್ತೆ ತಿರುಗಿತು.

ಬೀಗರು ತಾಟು ಹಿಡಿದುಕೊಂಡೇ ನಿಂತಿದ್ದರು. ಆ ಮನೆಯಲ್ಲಿ ತಾಟು ಎಲ್ಲಿ ಇಡಬೇಕೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಅಂದು ಬೆಳಿಗ್ಗೆ ನಾವು ಮೂವರು ಸಂಸಾರಸ್ಥರು ಅವಲಕ್ಕಿ ಹುಡುಕಿ ತೋಯಿಸಿಕೊಂಡು ತಿಂದೆವು. ಉಪ್ಪು ಸಿಗಲಿಲ್ಲ. ಗಾಡಿ ನೋಡಲು ಬಂದ ಓಣಿಯ ಮಂದಿಗೆ ಒಳಗೆ ರಿಪೇರಿ ನಡೆದಿದೆ ಎಂದು ಮಾಮಾ ಸುಳ್ಳು ಹೇಳಿದರು. ಒಳಗಿನಿಂದ ಆಗಾಗ ನಗು ಕೇಳಿಸುತ್ತಿತ್ತು. ಇಬ್ಬರೂ ಮಾತಿನ ನಡುವೆ ಯಾವಾಗಲೋ "ರೀ" ಬಿಟ್ಟಿದ್ದರು.

ಮಧ್ಯಾಹ್ನ ಮಾಮಾ ಕಿಟಕಿಯ ಕೆಳಗೆ ನಿಂತು, "ಹೊರಗ ಬಾರ, ನದಿಗೆ ಹೋಗೂಣಂತ," ಎಂದು ಬೇಡಿಕೊಂಡರು.

"ನೀವು ಹೋಗಿ ಬರ್ರಿ," ಎಂದಿತು ಕಿಟಕಿ. "ಹೋಗೂಮುಂದ ನಾಕ್ ಲಿಂಬಿಹಣ್ಣು ಕೊಟ್ಟ ಹೋಗ್ರಿ. ಪಾನಕ ಮಾಡತೇವಿ."

ಆ ನಿಂಬೆಹಣ್ಣಿನ ಹೊರೆಯಿಂದ ಅಕ್ಕನಿಗೆ ಆದ ಉಪಕಾರ ಅದೊಂದೇ. ಗಾಡಿಯನ್ನು ಬಿಚ್ಚಿ ಅಂಗಳದಲ್ಲೇ ಬಿಟ್ಟು ನಾವು ಮೂವರು ಜೀಪಿನಲ್ಲಿ ಕೃಷ್ಣೆಯ ದಂಡೆಗೆ ಹೋದೆವು. ಕುರ್ಚಿ ಎರಡೇ ಇದ್ದವು. ಮಾಮಾ, ಬೀಗರು ಅವುಗಳಲ್ಲಿ ಹೂತುಕೊಂಡರು, ನಾನು ಕಲ್ಲಿನ ಮೇಲೆ ಕುಳಿತೆ. ಮುಂದೆ ವಿಶಾಲವಾದ ನೀರು. ನೋಡಿದೆವು. ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ನೋಡಿ ಮುಗಿಯಿತು. ಮಾಮಾ ಫೋನು ತೆಗೆದು ಪೇಟೆಯ ಧಾರಣೆ ಕೇಳಿದರು. ಅಷ್ಟರಲ್ಲಿ ಪಕ್ಕದ ಹೊಲದಿಂದ ಬೀಗರ ಪರಿಚಯದವರೊಬ್ಬರು ಓಡಿ ಬಂದರು. "ನಮ್ಮ ಹೊಲದ ಮುಂದ ಬಂದು ಹಿಂಗ ಕುಂತ್ರ ಹ್ಯಾಂಗ್ರಿ? ಚಾಕ್ಕ ಬರ್ರಿ." ಕುರ್ಚಿಯಲ್ಲಿದ್ದ ಇಬ್ಬರಿಗೂ ಏಳಲು ಅವರೇ ಕೈ ಕೊಡಬೇಕಾಯಿತು.

ಇಂಡಿಗೆ ಬಂದ ಮೇಲೆ ಅಕ್ಕ ಗಾಡಿಯಿಂದ ಕುರ್ಚಿಗಳನ್ನು ತೆಗೆಸಿಹಾಕಿದಳು. ಒಂದು ನನಗೆ ಬಂತು. ಇನ್ನೊಂದರಲ್ಲಿ ಮಾಮಾ ಕುಳಿತುಕೊಳ್ಳುತ್ತಾರೆ, ಅಂಗಡಿಯ ಮುಂದೆ. ಗಾಡಿ ಅವರ ಹಿತ್ತಿಲಲ್ಲಿ ಬೇವಿನ ಗಿಡದ ಕೆಳಗೆ ನಿಂತಿದೆ. ಇಷ್ಟು ಹಣ ಹಾಕಿ ತಂದ ಗಾಡಿ ಹಿತ್ತಿಲು ದಾಟುವುದಿಲ್ಲವೆಂದು ನಾನು ಊರೆಲ್ಲ ಹೇಳಿಕೊಂಡು ನಕ್ಕಿದ್ದೇನೆ.

ಮೊನ್ನೆ ಬೆಳಿಗ್ಗೆ ಯಾವುದೋ ಕೆಲಸಕ್ಕೆ ಅಕ್ಕನಿಗೆ ಫೋನು ಮಾಡಿದೆ. ಎತ್ತಿದವರು ಮಾಮಾ. ಹಿಂದೆ ರೊಟ್ಟಿ ಬಡಿಯುವ ಸದ್ದಿರಲಿಲ್ಲ.

"ಅಕ್ಕಗ ಕೊಡ್ರಿ ಮಾಮಾ."

"ನಿಮ್ಮಕ್ಕ ಇಲ್ಲಪಾ. ಕ್ಯಾಂಪಿಂಗಿಗೆ ಹೋಗ್ಯಾಳ."

"ಎಲ್ಲಿಗ್ರಿ?"

"ಹಿತ್ತಲಕ್ಕ. ಮುದ್ದೇಬಿಹಾಳದ ಬೀಗತೀನೂ ನಿನ್ನೆ ಬಸ್ಸಿಗೆ ಬಂದಾರ."

"ಮತ್ತ ಚಾ ಯಾರ್ ಮಾಡಿದ್ರು?"

ಆ ಕಡೆ ಡಬ್ಬಿಗಳನ್ನು ಎತ್ತಿ ಇಳಿಸುವ ಸದ್ದು ಬಹಳ ಹೊತ್ತು ನಡೆಯಿತು.

"ಸಂಗಣ್ಣ," ಎಂದರು ಮಾಮಾ, ದನಿ ತಗ್ಗಿಸಿ. "ಸಕ್ಕರಿ ಡಬ್ಬಿ ಯಾವುದು ಅಂತ ನಿನಗೇನರ ಗೊತ್ತೈತೇನೋ? ಕಿಡಿಕ್ಯಾಗ ಕೇಳಿದೆ. ಅಕಿ ಊರಾಗಿಲ್ಲಂತ."